ನಾಳೆ ಕಾಣದ ಟೀವಿ

ಎಲ್ಲರ ಮನೆಯಂತೆ ವನಮಾಲಾ ಟೀಚರ್ ಮನೆಯಲ್ಲೂ ಟೀವಿ ಹಾಕಿದರೆ, ಮರುದಿನ ಅದೇ ಹೊತ್ತಿಗೆ ಆ ಕೋಣೆಯಲ್ಲಿ ನಡೆಯುವುದು ಕಾಣುತ್ತಿತ್ತು. ನಾಳೆ ಅವರಿಗೆ ಹೃದಯದ ಆಪರೇಷನ್. ಈ ಸಂಜೆ ಪರದೆ ಪೂರ್ತಿ ಕಪ್ಪು.

ರಿಪೇರಿಗೆ ಬಂದ ಇಮ್ತಿಯಾಜ್ ಪ್ಲಗ್ ಅಲ್ಲಾಡಿಸಿದ, ವೈರು ಬಿಗಿಮಾಡಿದ, ರಿಮೋಟಿನ ಸೆಲ್ಲನ್ನೂ ಬದಲಿಸಿದ.

"ನಾನು ಉಳಿಯೋಲ್ಲ ಅಂತಲೇನಪ್ಪಾ?" ಟೀಚರ್ ಕೇಳಿದರು.

"ನಾಳೆ ನೀವು ಆಸ್ಪತ್ರೇಲಿ, ಮನೆಗೆ ಬೀಗ. ಲೈಟು ಹಾಕೋರು ಯಾರು ಟೀಚರ್? ಕತ್ತಲೆ ಬಿಟ್ಟು ಇನ್ನೇನು ಕಾಣುತ್ತೆ!" ಅವನು ನಕ್ಕು ಕೈಚಾಚಿದ. "ಬೀಗದಕೈ ಕೊಡಿ. ನಾಳೆ ಡಾಕ್ಟರನ್ನ ಕೇಳ್ಕೊಂಡು ಬಂದು, ಇಲ್ಲೇ ನಿಂತು ಹೇಳ್ತೀನಿ."

ಬೀಗದಕೈ ಅವನ ಕೈ ಸೇರಿದ್ದೇ ತಡ, ಪರದೆ ಬೆಳಗಿತು. ಅದರೊಳಗೆ ನಾಳೆಯ ಇಮ್ತಿಯಾಜ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಏದುಸಿರಲ್ಲೇ ಒಳಬಂದ.

"ಎಲ್ಲಾ ಚೆನ್ನಾಗಾಯ್ತು ಟೀಚರ್. ಧೈರ್ಯವಾಗಿ ಹೋಗಿಬನ್ನಿ."