ಮಗಳ ತಲೆ ಮೇಲಿನ ಆಣೆ

ಕುಡಿಯುವವರ ಮನೆಗಳಲ್ಲಿ ಒಂದು ಪದ್ಧತಿ ಇದೆ... ಎಲ್ಲ ಔಷಧಿ, ಎಲ್ಲ ಜಗಳ ಮುಗಿದ ಮೇಲೆ ಕೊನೆಗೆ ಆಣೆ ಮಾಡಿಸುವುದು.

ದೇವರ ಮುಂದೆ ಒಂದು ಸಲ, ಹೆಂಡತಿಯ ತಾಳಿ ಮುಟ್ಟಿ ಒಂದು ಸಲ... ಅದಕ್ಕೂ ಬಗ್ಗದಿದ್ದರೆ ಮಕ್ಕಳ ತಲೆಯ ಮೇಲೆ ಕೈ ಇಟ್ಟು.

ಹುಬ್ಬಳ್ಳಿಯ ಹುಲಗಪ್ಪ ಯಾರೂ ಕೇಳದೆಯೇ ಆ ಆಣೆ ಮಾಡಿದ್ದ.

ಅವನು ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವನು. ಹೆಣ್ಣನ್ನು ಕಳಿಸಿಕೊಡುವ ಹೊತ್ತಿಗೆ ಅವನು ಊದಿದರೆ, ಬಾಡಿಗೆ ಕುರ್ಚಿ ಎತ್ತಿಡುವವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆದರೆ ಬ್ಯಾಂಡಿನವರಿಗೆ ಊಟಕ್ಕಿಂತ ಮೊದಲು ಬಾಟಲಿ ಬರುತ್ತದೆ. "ಹಾಕ್ಕೊಳ್ಳೋ, ದಮ್ ಬರ್ತೈತಿ" ಎನ್ನುವವರೇ ಎಲ್ಲ. ದಮ್ಮಿಗೆಂದು ಶುರುವಾದದ್ದು ಹನ್ನೆರಡು ವರ್ಷ ಅವನನ್ನೇ ತಿಂದಿತು.

ಕೊನೆಗೆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಯಿತು. ಆಮೇಲೆ ಪ್ರತಿ ಭಾನುವಾರ ಸಂಜೆ ಒಂದು ಶಾಲೆಯ ಕೋಣೆಯಲ್ಲಿ, ಕುಡಿತ ಬಿಟ್ಟವರ ಮೀಟಿಂಗಿಗೆ ಹೋಗತೊಡಗಿದ.

ಅಲ್ಲಿ ಮೊದಲ ದಿನವೇ ಹೇಳಿದ್ದರು... "ಇಲ್ಲಿ ಯಾರೂ ಜನ್ಮಕ್ಕಂತ ಆಣಿ ಮಾಡಂಗಿಲ್ರಿ. ಇವತ್ತೊಂದು ದಿನ ಕುಡಿಯಂಗಿಲ್ಲ ಅಂದ್ರ ಸಾಕು."

ಹುಲಗಪ್ಪನಿಗೆ ಅದು ಸಾಲಲಿಲ್ಲ. ಮನೆಗೆ ಹೋದವನೇ ಏಳು ವರ್ಷದ ಮಗಳು ಚಂದ್ರಿಕಾಳ ತಲೆ ಮೇಲೆ ಕೈ ಇಟ್ಟ.

"ಇನ್ನ ಮುಟ್ಟಿದ್ರ ಈ ಕೂಸಿನ ಮ್ಯಾಲೆ ಆಣಿ!"

ಹೆಂಡತಿ ರೇಣುಕಾ ಅವತ್ತು ಹೋಳಿಗೆ ಮಾಡಿದಳು.

ಎಂಟು ತಿಂಗಳು ಅವನು ಒಂದು ಹನಿ ಮುಟ್ಟಲಿಲ್ಲ...

ಹೋದ ಗುರುವಾರ ಒಂದು ಮೆರವಣಿಗೆ. ಸುಡು ಬಿಸಿಲು. ಮದುಮಗನ ಗೆಳೆಯನೊಬ್ಬ ಜ್ಯೂಸ್ ಬಾಟಲಿ ಕೈಗಿಟ್ಟ.

ಒಂದೇ ಗುಟುಕಿಗೆ ಗೊತ್ತಾಯಿತು, ಅದರಲ್ಲಿ ಬೇರೇನೋ ಬೆರೆತಿದೆ ಎಂದು. ಗೊತ್ತಾದ ಮೇಲೂ ಎರಡನೇ ಗುಟುಕು ಕುಡಿದ. ಆಮೇಲೆ ಲೆಕ್ಕವೇ ಇಲ್ಲ.

ಮನೆಗೆ ಬಂದರೆ ಚಂದ್ರಿಕಾ ಮಲಗಿದ್ದಳು. ಮೈ ಕಾದ ಹಂಚು.

ವೈರಲ್ ಜ್ವರ, ಓಣಿಯ ಅರ್ಧ ಮಕ್ಕಳಿಗೆ ಇದೆ ಎಂದು ಡಾಕ್ಟರು ರೇಣುಕಾಳಿಗೆ ಹೇಳಿದ್ದರು. ಅವಳು ಅದನ್ನೇ ಹೇಳಿದಳು. ಅವನ ಕಿವಿಗೆ ಒಂದೂ ಇಳಿಯಲಿಲ್ಲ.

ನನ್ನ ಆಣೆ ನನ್ನ ಕೂಸಿಗೆ ತಟ್ಟಿತು... ಅಷ್ಟೇ ಅವನಿಗೆ ಕೇಳಿಸುತ್ತಿದ್ದದ್ದು.

ಮಗಳನ್ನು ಮುಟ್ಟದೆಯೇ ಹೊರಬಿದ್ದ. ಮೂರು ದಿನ ಬಸ್ ಸ್ಟ್ಯಾಂಡಿನಲ್ಲಿ ಕುಡಿದ, ಅತ್ತ, ಮತ್ತೆ ಕುಡಿದ. ಪಾಪ, ಬದುಕುವ ಆಸೆಯೇ ಅವನಲ್ಲಿ ಉಳಿದಿರಲಿಲ್ಲ.

ಭಾನುವಾರ ಸಂಜೆ ಆ ಶಾಲೆಯ ಗೇಟಿಗೆ ಬಂದ. ಒಳಗೆ ಹೋಗಲಿಕ್ಕಲ್ಲ... ಕ್ಲಾರಿಯೋನೆಟ್ ಪೆಟ್ಟಿಗೆಯನ್ನು ಒಪ್ಪಿಸಿ ಹೋಗಲಿಕ್ಕೆ.

ಪಡಸಾಲೆಯಲ್ಲಿ ಬಸಲಿಂಗವ್ವ ಚಹಾ ಕುದಿಸುತ್ತಿದ್ದಳು. ಮೀಟಿಂಗಿನವರಿಗೆಲ್ಲ ಆಕೆ 'ಆಯಿ'. ಜನ್ಮದಲ್ಲಿ ಕುಡಿಯದ ಈ ಮುದುಕಿ ಪ್ರತಿ ವಾರ ಇಲ್ಲಿಗೇಕೆ ಬರುತ್ತಾಳೆ ಎಂದು ಯಾರೂ ಕೇಳಿರಲಿಲ್ಲ.

"ಆಯಿ, ಈ ಪೆಟ್ಟಿಗಿ ನಮ್ಮ ಮನ್ಯಾಗ ಕೊಟ್ಟುಬಿಡಬೇ. ನಾ ಹೊಂಟೆ."

"ಎಲ್ಲಿಗೋ?"

ಹುಲಗಪ್ಪ ಪೆಟ್ಟಿಗೆಯನ್ನು ಆಕೆಯ ಪಕ್ಕದಲ್ಲಿಟ್ಟ. ಬಾಯಿಯ ವಾಸನೆಯೇ ಅರ್ಧ ಕಥೆ ಹೇಳಿತು.

"ಆಣಿ ಮುರದೆ ಆಯಿ... ಕೂಸಿಗೆ ಜ್ವರ ಬಂತು. ನಾ ಇಲ್ಲದಂಗ ಆದ್ರ ಅದು ಉಳೀತೈತಿ. ಆಣಿ ನನ್ನ ಮ್ಯಾಲೇ ತೀರಲಿ."

ಆಯಿ ಸ್ಟೋವ್ ಆರಿಸಿದಳು. ಅವನ ಕೈ ಹಿಡಿದು ತನ್ನ ಬಿಳಿ ತಲೆಯ ಮೇಲೆ ಇಟ್ಟುಕೊಂಡಳು.

"ಬ್ಯಾಡಬೇ!" ಹುಲಗಪ್ಪ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ.

"ಅಂಜಬ್ಯಾಡ, ಇಡು. ಇಪ್ಪತ್ತು ವರ್ಷದ ಹಿಂದ ನನ್ನ ಮಗ ಮಾರುತಿನೂ ಇದೇ ತಲಿ ಮುಟ್ಟಿ ಆಣಿ ಮಾಡಿದ್ದ. ನಾನೇ ಹಟ ಹಿಡದು ಮಾಡಿಸಿದ್ದೆ... ಹದಿನೈದು ದಿನಕ್ಕ ಮುರಿದ. ಅವ್ವ ಸಾಯ್ತಾಳಂತ ಅಂಜಿ ಮನಿಗೇ ಬರಲಿಲ್ಲ."

"ಆಮ್ಯಾಲೆ?"

"ನನಗ ಒಂದು ನೆಗಡಿನೂ ಬರಲಿಲ್ಲೋ ತಮ್ಮಾ... ಎಪ್ಪತ್ತೆರಡು ತುಂಬ್ಯಾವು, ನೋಡು, ಗಟ್ಟಿ ಕುಂತೀನಿ. ಅವನೇ ಹೋದ. ನಾಚಿಕಿ ತಿಂತು ಅವನ್ನ."

ಆಯಿಯ ದನಿ ಒಡೆಯಿತು.

"ಕುಡದು ಬಂದಿದ್ರೂ ಬಾಗಿಲಾ ತೆಗೀತಿದ್ದೆ. ಅದನ್ನ ಅವಂಗ ಹೇಳವರು ಯಾರೂ ಇರಲಿಲ್ಲ. ಯಾರರ ಹಿಂಗ ಹೊರಗ ನಿಂತಿದ್ರ ಹೇಳೂಣಂತ ಪ್ರತಿ ಐತವಾರ ಬಂದು ಕುಂದರ್ತೀನಿ... ಇವತ್ತು ನೀ ಸಿಕ್ಕಿ."

ಹುಲಗಪ್ಪ ಆಕೆಯ ಮಡಿಲಲ್ಲಿ ಮುಖವಿಟ್ಟು ಹೋ ಎಂದು ಅತ್ತುಬಿಟ್ಟ.

ಆಯಿ ಅವನನ್ನು ಒಳಗೆ ಕರೆದೊಯ್ದಳು. ಅವನಿಗೆ ಹೇಳಲು ಸಾಧ್ಯವಾದದ್ದು ಒಂದೇ ಮಾತು... "ನಾನು ಹುಲಗಪ್ಪ. ಇವತ್ತು ನಂದು ಒಂದನೇ ದಿನ."

ಯಾರೂ ಬೈಯಲಿಲ್ಲ. ಒಬ್ಬರು ಸರಿದು ಜಾಗ ಕೊಟ್ಟರು. ಇನ್ನೊಬ್ಬರು ಆಸ್ಪತ್ರೆಯ ಕೌನ್ಸೆಲರಿಗೆ ಫೋನ್ ಹಚ್ಚಿ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇವೆಂದು ಹೇಳಿದರು. "ನಾನೂ ಬರ್ತೀನಿ" ಎಂದಳು ಆಯಿ.

ಮನೆಯ ತನಕವೂ ಆಕೆಯೇ ಬಂದಳು. ಮೂರು ದಿನ ಊರೆಲ್ಲ ಹುಡುಕಿದ್ದ ರೇಣುಕಾ ಬಾಗಿಲು ತೆರೆದಳು. ಏನೂ ಕೇಳದೆ ದಾರಿ ಬಿಟ್ಟಳು.

ಹುಲಗಪ್ಪ ಹೊಸ್ತಿಲಲ್ಲೇ ನಿಂತ. ಎರಡೂ ಕೈ ಬೆನ್ನ ಹಿಂದೆ.

ಹಾಸಿಗೆಯಿಂದ ಚಂದ್ರಿಕಾ ಕರೆದಳು... "ಅಪ್ಪಾ, ಜ್ವರ ಇಳದೈತೇನ್ ನೋಡು ಬಾ."

ಅವನು ಹತ್ತಿರ ಹೋದ. ಕೈ ಮಾತ್ರ ಮುಂದೆ ಬರಲೊಲ್ಲದು.

ಮಗಳೇ ಆ ಕೈ ಎಳೆದುಕೊಂಡು ತನ್ನ ಹಣೆಯ ಮೇಲೆ ಇಟ್ಟುಕೊಂಡಳು. ಅವನು ಹಿಂದಕ್ಕೆ ಎಳೆದುಕೊಳ್ಳಹೋದ... ಅವಳು ತನ್ನ ಎರಡೂ ಕೈಗಳಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

*ಮುರಿದ ಮಾತನ್ನು ನಾಳೆ ಮತ್ತೆ ಕಟ್ಟಬಹುದು... ಹೋದ ಮನುಷ್ಯನನ್ನು ಕರೆತರಲಾಗದು.*

ನಿಮ್ಮವರೂ ಯಾರಾದರೂ ನಾಚಿಕೆಯಿಂದ ಹೊರಗೆ ನಿಂತಿರಬಹುದು... ಬಾಗಿಲು ತೆರೆದಿದೆ ಎಂದು ಅವರಿಗೆ ಹೇಳಿದ್ದೀರಾ?