ಕತ್ತರಿ ಹಾಕದ ಶಾವಿಗೆ

ತೆರೆಯ ಮೇಲೆ ಪ್ಯಾಂಗ್ಯಾಂಗಿನ ಗೂಢಚಾರಿಣಿ ತಣ್ಣನೆಯ ಶಾವಿಗೆಯ ಬಟ್ಟಲಿಗೆ ಕತ್ತರಿ ಹಾಕಿದಳೋ ಇಲ್ಲವೋ, ಕತ್ತಲಲ್ಲಿ ಕೂತಿದ್ದ ಉನ್ಹಾಳ ಬಾಯಿಂದ ಮಾತು ಜಾರಿಯೇಬಿಟ್ಟಿತು. “ಅಯ್ಯೋ, ಅಲ್ಲಿಯವರು ಎಲ್ಲಾದ್ರೂ ಶಾವಿಗೆ ಕತ್ತರಿಸ್ತಾರಾ?”

“ಅಲ್ಲೀದು ನಿಮಗೇನ್ರೀ ಗೊತ್ತು?” ಪಕ್ಕದಲ್ಲಿದ್ದ ತೇಸೊಕ್ ಪಿಸುಗುಟ್ಟಿದ.

“ಟೀವೀಲಿ ತೋರಿಸಿದ್ರು,” ಎಂದಳು. ಪ್ಯಾಂಗ್ಯಾಂಗ್ ಇರುವ ಆ ಉತ್ತರದ ದೇಶದಿಂದಲೇ ನದಿ ದಾಟಿ ದಕ್ಷಿಣಕ್ಕೆ ತಪ್ಪಿಸಿಕೊಂಡು ಬಂದವಳು ಅವಳು. ಅವನಿಗೆ ಹೇಳಿದ್ದು ಮಾತ್ರ ಇಲ್ಲಿಯದೇ, ಉತ್ತರದ ಗಡಿಗೆ ಅಂಟಿದ ಗಾಂಗ್ವೊನ್ ಪ್ರಾಂತ್ಯದ ಬೆಟ್ಟದೂರು ಎಂದು. ಮಾತಿನಲ್ಲಿ ಇನ್ನೂ ಇಣುಕುವ ಉತ್ತರದ ರಾಗಕ್ಕೆ ಅದೊಂದು ಒಳ್ಳೆಯ ಮುಸುಕು. ಹಿಂದೊಬ್ಬನಿಗೆ ನಿಜ ಹೇಳಿದ್ದಳು, ಮಾರನೆಯ ದಿನದಿಂದ ಅವನು ಫೋನೇ ಎತ್ತಲಿಲ್ಲ. ಈಗ ತೇಸೊಕ್ ನಾಳೆ ಮದುವೆಯ ಮಾತಿಗೆಂದು ಅವಳನ್ನು ತನ್ನ ತಾಯಿಯ ಬಳಿ ಕರೆದೊಯ್ಯುವವನಿದ್ದ. ಇವನನ್ನೂ ಕಳೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

ಸಿನಿಮಾ ಮಾತ್ರ ಮಹಾ ಬೋರು. ಪತ್ತೇದಾರಿಕೆ ನೋಡಿದರೆ ಪ್ರೇಮ ಅಡ್ಡ ಬರುತ್ತಿತ್ತು, ಪ್ರೇಮ ಶುರುವಾದರೆ ಯಾರೋ ಪಿಸ್ತೂಲು ಹಿಡಿದು ನುಗ್ಗುತ್ತಿದ್ದರು. ಹಿಂದಿನ ಸಾಲಿನ ಅಜ್ಜ ಹಾಯಾಗಿ ಗೊರಕೆ ಹೊಡೆಯುತ್ತಿದ್ದ. ಉನ್ಹಾ ಮಾತ್ರ ತನ್ನ ನೆನಪಿನಲ್ಲಿ ಎಲ್ಲೋ ತೇಲಿಹೋಗಿದ್ದಳು. ರಟ್ಟಿನಲ್ಲಿ ಕಟ್ಟಿದಂತಿದ್ದ ಆ ಸುಳ್ಳು ಪ್ಯಾಂಗ್ಯಾಂಗಿನ ಬೀದಿಗೆ ಮಂಜು ಇಳಿಯಿತು. ಮಂಜಿನಾಚೆ, ನದಿಯ ದಂಡೆಯಲ್ಲಿ, ಅವಳ ಅಮ್ಮ ಬಟ್ಟಲು ಹಿಡಿದು ನಿಂತಿದ್ದಳು. ‘ಶಾವಿಗೇನ ಮೇಲಕ್ಕೆತ್ತು ಮಗಳೇ, ವಿನಿಗರ್ ಅದರ ಮೇಲೆ ಹಾಕ್ಕೋ, ಸಾರಿಗಲ್ಲ,’ ಅನ್ನುತ್ತಿದ್ದಳು. ಸಿನಿಮಾದ ಕೊನೆಯಲ್ಲಿ ಗುಂಡೇಟು ತಿಂದ ಗೂಢಚಾರಿಣಿ ಪ್ರಿಯಕರನ ತೊಡೆಯ ಮೇಲೆ ಮಲಗಿ, ತನ್ನ ಊರಿನ ಹೆಸರು ಹೇಳಿ ಕಣ್ಣು ಮುಚ್ಚಿದಳು. ಉನ್ಹಾಳಿಗೆ ಅಳು ತಡೆಯಲಾಗಲಿಲ್ಲ.

“ಎದೆಗೆ ಅಷ್ಟು ಗುಂಡು ಬಿದ್ಮೇಲೂ ಭಾಷಣ ಬಿಗೀತಾಳಲ್ರೀ,” ಹೊರಗೆ ಬಂದ ಮೇಲೆ ತೇಸೊಕ್ ನಕ್ಕ. “ಅದಕ್ಕೂ ಅತ್ತೋರು ನೀವೊಬ್ಬರೇ. ಇಂಥ ಸಿನಿಮಾಗೆ ಕರ್ಕೊಂಡ್ ಬಂದ ತಪ್ಪಿಗೆ ಊಟ ನಂದು, ಬನ್ನಿ.”

ಮಧ್ಯಾಹ್ನದ ಬಿಸಿಲಲ್ಲಿ ಚೆರ್ರಿ ಹೂವಿನ ಎಸಳುಗಳು ಸುಮ್ಮನೆ ಉದುರುತ್ತಿದ್ದವು. ಅವನು ಕರೆದೊಯ್ದದ್ದು ತಣ್ಣನೆಯ ಶಾವಿಗೆಯ ಅಂಗಡಿಗೇ. ಬಡಿಸುವ ಹೆಂಗಸು ಎರಡು ಬಟ್ಟಲು ಇಟ್ಟು, ಅಭ್ಯಾಸದಂತೆ ಕತ್ತರಿ ಎತ್ತಿದಳು. “ಕತ್ತರಿಸ್ಲೇನಮ್ಮಾ?”

ಇಲ್ಲಿಯವರಂತೆ ಕಾಣಲು ಯಾವಾಗಲೂ ‘ಹ್ಞೂಂ’ ಅನ್ನುತ್ತಿದ್ದ ಉನ್ಹಾ ಇಂದು ಬಟ್ಟಲನ್ನು ತನ್ನತ್ತ ಎಳೆದುಕೊಂಡಳು.

“ಅವರಿಗೆ ಬೇಡಕ್ಕಾ, ಹಾಗೇ ಇರ್ಲಿ,” ಎಂದ ತೇಸೊಕ್. ವಿನಿಗರ್ ಬಾಟಲಿಯನ್ನು ಅವಳತ್ತ ಸರಿಸಿದ. “ನಿಮ್ಮೂರಲ್ಲಿ ಹೇಗೆ ತಿಂತಿದ್ರೋ ಹಾಗೇ ತಿನ್ನಿ.”

“ಗೊತ್ತಿತ್ತಾ?”

“ಗಾಂಗ್ವೊನಿನವರು ನನ್ನ ಜೊತೆ ಕೆಲಸಕ್ಕಿದಾರೆ ಕಣ್ರೀ. ಒಬ್ಬರೂ ನಿಮ್ಮ ಹಾಗೆ ಮಾತಾಡಲ್ಲ. ಕೊನೇವರೆಗೂ ತಿಳೀದೇ ಇರೋಕೆ ನಾನೇನು ಆ ಸಿನಿಮಾದ ಹೀರೋನಾ? ನೀವು ಎಲ್ಲಿಯವರಾದ್ರೂ ನನಗೆ ನೀವೇ ಬೇಕು.”

ಉನ್ಹಾಳ ಕಣ್ಣು ಮಂಜಾಯಿತು. ಶಾವಿಗೆಯನ್ನು ಎತ್ತರಕ್ಕೆತ್ತಿ, ಅಮ್ಮ ಹೇಳಿದ ಹಾಗೆಯೇ ವಿನಿಗರ್ ಸುರಿದು ಬಾಯಿಗಿಟ್ಟುಕೊಂಡಳು. ಎಷ್ಟೋ ವರ್ಷದ ಮೇಲೆ ಅದೇ ರುಚಿ. ಇಷ್ಟು ಸುಖ ತನಗೂ ಇತ್ತೇ ಅನ್ನಿಸಿತು.

ತೇಸೊಕ್ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. “ಒಂದೇ ಒಂದು ಮಾತು. ನಾಳೆ ಅಮ್ಮನ ಹತ್ರ ಗಾಂಗ್ವೊನ್ ಅಂತಲೇ ಇರ್ಲಿ, ಆಯ್ತಾ? ಅವರು ಇರೋವರೆಗೆ ಅಷ್ಟೇ.”

ಅವಳ ತುಟಿಯಿಂದ ಬಟ್ಟಲಿನವರೆಗೂ ಶಾವಿಗೆ ತುಂಡಾಗದೆ ಇಳಿಬಿದ್ದಿತ್ತು. ಅದನ್ನು ನಿಧಾನವಾಗಿ ತುದಿಯವರೆಗೂ ಎಳೆದುಕೊಂಡು, ಬಾಯಿ ಒರೆಸಿಕೊಂಡಳು.

“ಆ ಸಿನಿಮಾನ ಸುಮ್ನೆ ಬೈದ್ರಿ ನೀವು,” ಎಂದಳು. “ಸಾಯೋ ಹೊತ್ತಲ್ಲಾದ್ರೂ ಅವಳಿಗೆ ತನ್ನೂರಿನ ಹೆಸರು ಹೇಳೋಕೆ ಬಿಟ್ರು.”