ನೆಲದ ಮೇಲಿನ ಅಕ್ಷರ

ಎಲ್ಲರೂ ಆ ಕಲ್ಲಿನ ಮೇಲೆ ಕಾಲಿಟ್ಟು ನಡೆದು ನೋಡಿದರು. ಕೋಕಿಲಾ ಮಾತ್ರ ಗೋಡೆಗೆ ಒತ್ತಿಕೊಂಡು ಸುತ್ತಿ ಹೋದಳು. ಏನು ಮಾಡಿದರೂ ಹಾಳಾದ ಕಾಲು ಮೇಲೇಳಲಿಲ್ಲ.

ಸ್ಟಾಕ್‌ಹೋಮ್‌ನ ಆ ಆರ್ಕಿಟೆಕ್ಟ್ ಆಫೀಸಿನ ನಡುವೆ ಮಲಗಿದ್ದದ್ದು ಸ್ಮಾರಕದ ಮಾದರಿ ಚಪ್ಪಡಿ. ದೂರದ ದ್ವೀಪದೇಶವೊಂದು ತನ್ನ ಮೊದಲ ಅಧ್ಯಕ್ಷರಿಗೆ ಕಟ್ಟಿಸುತ್ತಿರುವ ರಾಷ್ಟ್ರೀಯ ಸ್ಮಾರಕ. ಅಧ್ಯಕ್ಷರ ಪ್ರಮಾಣವಚನ ನೆಲದಲ್ಲಿರಬೇಕು, ಜನ ಅದರ ಮೇಲೆ ಓಡಾಡಬೇಕು, ನಾಯಕ ಜನರಿಗಿಂತ ಮೇಲಲ್ಲ ಅನ್ನುವುದು ಮುಖ್ಯ ವಿನ್ಯಾಸಕಿ ಗುನಿಲ್ಲಾ ಅವರ ಕಲ್ಪನೆ. ವಿನ್ಯಾಸ ಮಾಡಿದವರ ಹೆಸರುಗಳು ಮಾತ್ರ ಗೋಡೆಯ ಮೇಲೆ, ಕಣ್ಣೆತ್ತರದಲ್ಲಿ, ಹಿತ್ತಾಳೆ ಫಲಕದಲ್ಲಿ. ಕೊನೆಯ ಹೆಸರು ಕೋಕಿಲಾಳದು. ನೆಲದ ಅಕ್ಷರಗಳನ್ನೆಲ್ಲ ಅಳತೆ ಮಾಡಿ ಬರೆದವಳೂ ಅವಳೇ.

ಪ್ರತಿ ಶುಕ್ರವಾರ ಫೀಕಾ ಎಂಬ ಕಾಫಿ ವಿರಾಮದಲ್ಲಿ ಎಲ್ಲರಿಗೂ ಬಗ್ಗಿಸುತ್ತ ಗುನಿಲ್ಲಾ ಒಬ್ಬೊಬ್ಬರ ಅಭಿಪ್ರಾಯವನ್ನೂ ಕೇಳುತ್ತಿದ್ದರು. ಹಿರಿಯರು ತೀರ್ಮಾನಿಸಿದ್ದಕ್ಕೆ ಎದುರು ಮಾತೇನು ಅಂದುಕೊಂಡು ಕೋಕಿಲಾ ಪ್ರತಿಸಲವೂ ಚೆನ್ನಾಗಿದೆ ಅಂದಿದ್ದಳು. ಅಪ್ಪಟ ಸುಳ್ಳು. ಪುಸ್ತಕಕ್ಕೆ ಕಾಲು ತಾಗಿದರೆ ಈಗಲೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹುಡುಗಿ ಅವಳು. ಇವತ್ತು ಮೂರು ಗಂಟೆಗೆ ನಕ್ಷೆ ಕಲ್ಲು ಕೆತ್ತುವವರಿಗೆ ಹೋದರೆ ಮುಗಿಯಿತು, ಮತ್ತೆ ತಿದ್ದುವಂತಿಲ್ಲ.

"ಸುಮ್ನಿರಿ ಕೋಕಿಲಾ," ಅಂದ, ಅವಳ ಅಳಲು ಕೇಳಿಸಿಕೊಂಡ ಪಕ್ಕದ ಮೇಜಿನ ಸಂದೀಪ್. "ನಿಮ್ ಪ್ರೊಬೇಷನ್ ಮುಗಿಯೋಕೆ ಇನ್ನೂ ಹತ್ತು ದಿನ ಇದೆ. ಕೆಲ್ಸ ಹೋದ್ರೆ ಹಿಂದೇನೇ ವರ್ಕ್ ಪರ್ಮಿಟ್ಟೂ ಹೋಗತ್ತೆ. ಆ ಅಧ್ಯಕ್ಷರೇನು ನಿಮ್ ಸೋದರಮಾವನಾ?"

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೂ ಎರಡೂವರೆಗೆ ಕೋಕಿಲಾ ಗುನಿಲ್ಲಾ ಅವರ ಮೇಜಿನ ಮುಂದೆ ಹೋಗಿ ನಿಂತಳು. ಅಕ್ಷರ ತುಳಿಯುವುದು ತನ್ನಿಂದಾಗದು, ಅಧ್ಯಕ್ಷರ ಮಾತು ಗೋಡೆಗೆ ಹೋಗಲಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಗುನಿಲ್ಲಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ವಾಸಿಯಿತ್ತು. ಜನರ ಕಾಲಡಿ ಇರುವುದು ಅವಮಾನವಲ್ಲ, ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ ಎಂದು ಮಗುವಿಗೆ ಹೇಳುವ ಹಾಗೆ ತಣ್ಣಗೆ ವಿವರಿಸಿದರು. ಮಾತು ಗೋಡೆಗೆ ಹೋದರೆ ನೆಲ ಬರಿದಾಗುತ್ತದಲ್ಲ, ಅಲ್ಲೇನು ಕೆತ್ತುವುದು ಎಂದೂ ಕೇಳಿದರು.

"ನಮ್ಮ ಹೆಸರುಗಳನ್ನ," ಎಂದಳು ಕೋಕಿಲಾ. "ನಮ್ಮೂರಿನ ದೇವಸ್ಥಾನ ಕಟ್ಟಿಸಿದವರು ತಮ್ಮ ಹೆಸರನ್ನ ಬಾಗಿಲ ಮುಂದೆ ನೆಲದಲ್ಲೇ ಕೆತ್ತಿಸಿಕೊಂಡಿದ್ದಾರೆ. ಬಂದವರ ಪಾದ ತಾಗಲಿ ಅಂತ. ನೀವು ಹೇಳಿದ ಗೌರವ ಅದೇ."

ಸಂದೀಪ್ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ಗುನಿಲ್ಲಾ ಫಲಕದ ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮೊದಲ ಸಾಲಿನಲ್ಲಿ ಅವರದೇ ಹೆಸರಿತ್ತು. ಮೂರು ಗಂಟೆ ಕಳೆಯಿತು. ನಕ್ಷೆ ಹೋಗಲಿಲ್ಲ.

"ನನ್ನ ಹೆಸರಿನ ಮೇಲೆ," ಎಂದು ಕೊನೆಗೆ ಮೆಲ್ಲಗೆ ಕೇಳಿದರು ಗುನಿಲ್ಲಾ, "ಜನ ಶೂ ಹಾಕಿಕೊಂಡೇ ನಡೆಯುತ್ತಾರಾ?"